ಹಳೇ ನಕ್ಷೆ, ಜಾಗ ಬಿಟ್ಟ ಗುಡಿ

ಸರ್ವೆ ಆಫ್ ಇಂಡಿಯಾದ ಹಳೇ ಒಂದಿಂಚು ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸಿ, 'ನಮ್ಮಜ್ಜನ ಮನೆ ಇಲ್ಲೇ, ವೀರಗಲ್ಲು ಅಲ್ಲೇ' ಎಂದು ಗುರುತು ಹಾಕುವವರು ಈಗ ಹೆಚ್ಚಾಗಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ನನ್ನವು ಎರಡು ತಕರಾರು.

ಮೊದಲನೆಯದು ಅಳತೆ. ಒಂದಿಂಚಿಗೆ ಒಂದು ಮೈಲಿ ಎಂದರೆ 1:63,360. ಕಾಗದದ ಮೇಲಿನ ಅರ್ಧ ಮಿಲಿಮೀಟರ್ ಗೆರೆ ನೆಲದಲ್ಲಿ ಸುಮಾರು 32 ಮೀಟರ್. ಇದರಿಂದ ಊರು ಸಿಗುತ್ತೆ, ಮನೆ ಸಿಗಲ್ಲ.

ಎರಡನೆಯದು ಆಧಾರಬಿಂದು. ಗುಡಿ ಕದಲಲ್ಲ ಅಂತ ನಂಬಿ ನಕ್ಷೆಯನ್ನು ಅದಕ್ಕೇ ಕಟ್ಟಿಹಾಕ್ತೀವಿ. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರದಲ್ಲಿ ಹಳೇ ಕನ್ನಂಬಾಡಿ ಮುಳುಗಿತು. ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಅದನ್ನೇ ಆಧಾರ ಮಾಡಿಕೊಂಡರೆ ಸುತ್ತಲಿನ ಊರುಗಳೆಲ್ಲ ಜರುಗಿಬಿಡುತ್ತವೆ. ಅಲ್ಲಿ ಹೊಳೆಯ ದಡವೂ ಬೇಡ, ಹಿನ್ನೀರು ನುಂಗಿದೆ. ಕುಂತಿಬೆಟ್ಟ, ಕರಿಘಟ್ಟದಂಥ ಬೆಟ್ಟದ ತುದಿಗಳನ್ನು ಹಿಡಿಯಿರಿ.

ಆಮೇಲೆ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ತೆರೆಯಿರಿ. ಅದು ಶಾಸನಗಳನ್ನು ತಾಲ್ಲೂಕು, ಊರು, ಕಲ್ಲು ನಿಂತ ಜಾಗದ ಪ್ರಕಾರ ಕೊಡುತ್ತೆ. ಎರಡೂ ತಾಳೆಯಾದರೆ ಮಾತ್ರ ಗುರುತು ಹಾಕಿ. ಊರು ನೀರಿನಡಿ ಹೋದ ಮನೆತನಗಳಿಗೆ ಉಳಿದಿರೋದು ಆ ಗುರುತೊಂದೇ. ಅದರ ಪಕ್ಕ 'ಸುಮಾರು' ಅಂತ ಬರೆಯೋಕೆ ನಾಚಿಕೆ ಬೇಡ.