ನೀಲಿ ಕಿರಣದ ಕೈಚಳಕ

ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳಲ್ಲಿ ವಿಸಿಡಿ, ಡಿವಿಡಿ ಓಡಿದಷ್ಟು ಬ್ಲೂ-ರೇ ಓಡಲಿಲ್ಲ. ಅಡಿಕೆ ದುಡ್ಡಿನಲ್ಲಿ ಅದನ್ನು ಮೊದಲೇ ತಂದು ಟಿವಿ ಕೆಳಗಿಟ್ಟ ಕೆಲವರ ಹುಚ್ಚಿಗೆ ನನ್ನದೊಂದು ನಮಸ್ಕಾರ.

2006ರಲ್ಲಿ ಮಾರುಕಟ್ಟೆಗೆ ಬಂದ ಈ ಯಂತ್ರದ ಕುಸುರಿ ಕಣ್ಣಿಗೆ ಕಾಣುವಂಥದ್ದಲ್ಲ. ಡಿವಿಡಿಯ ಕೆಂಪು ಲೇಸರಿನ ಅಲೆ 650 ನ್ಯಾನೋಮೀಟರ್. ಇದರ ನೀಲಿ-ನೇರಳೆ ಬೆಳಕಿನದು 405. ಅಲೆ ಗಿಡ್ಡವಾದಷ್ಟೂ ಕಿರಣದ ಮೊನೆ ಚೂಪು. ಹಾಗಾಗಿ ಅದೇ 12 ಸೆಂ.ಮೀ. ತಟ್ಟೆಯ ಒಂದು ಪದರದಲ್ಲಿ 4.7 ಜಿಬಿ ಬದಲು 25 ಜಿಬಿ! ಸುರುಳಿಯ ಸಾಲುಗಳ ನಡುವೆ ಬರೀ 0.32 ಮೈಕ್ರಾನ್. ತಟ್ಟೆ ಚೂರು ಓಲಾಡಿದರೂ ಮಸೂರ ಅದರೊಡನೆಯೇ ಏರಿಳಿಯುತ್ತದೆ, ಚಂಡೆಯ ಪೆಟ್ಟಿಗೆ ಹೆಜ್ಜೆ ತಪ್ಪದ ವೇಷಧಾರಿಯ ಹಾಗೆ.

ನನಗೆ ಇನ್ನೂ ಹಿಡಿಸಿದ್ದು, ಅದು ಹಳಬರನ್ನು ದೂರ ಮಾಡದ ರೀತಿ. ಕೆಂಪು ಲೇಸರೂ ಒಳಗಿದೆ. ಯಕ್ಷಗಾನದ ಹಳೇ ಡಿವಿಡಿ ಹಾಕಿದರೆ ಅದರ 576 ಸಾಲುಗಳನ್ನು 1080ಕ್ಕೆ ಹಿಗ್ಗಿಸಿ ತೋರಿಸುತ್ತದೆ. ಹಿಗ್ಗಿಸಿದ್ದು ಅಸಲಾಗದು, ನಿಜ. ಆದರೂ ಕೇದಗೆ ಮುಂದಲೆಯ ಜರಿ, ಭುಜಕೀರ್ತಿಯ ಮಿಂಚು, ಹುಬ್ಬಿನ ಕುಣಿತ ಎಲ್ಲ ಚೌಕಿಯ ಬಾಗಿಲಲ್ಲೇ ನಿಂತು ಕಂಡಷ್ಟು ಹತ್ತಿರ. ಮಳೆಗಾಲದಲ್ಲಿ ಕರೆಂಟು ಇದ್ದರೆ, ಅಷ್ಟೇ.