ತ್ರಾಸ, ಭಯ ಮತ್ತು ಉತ್ತರಕುಮಾರನ ಕೊರಳು

ವಿರಾಟಪರ್ವದ ಉತ್ತರಕುಮಾರನನ್ನು ಹೇಡಿತನದ ಮಾದರಿಯೆಂದು ಎಣಿಸುವುದು ನಮ್ಮಲ್ಲಿ ಎಷ್ಟು ರೂಢವಾಗಿದೆಯೆಂದರೆ, ಒಲೆಯ ಮುಂದಿನ ಪೌರುಷವೆಂದು ಅವನ ಹೆಸರು ಗಾದೆಯಲ್ಲಿಯೇ ಸೇರಿಹೋಗಿದೆ. ಹುಬ್ಬಳ್ಳಿಗೆ ಸಮೀಪದ ಕೋಳಿವಾಡದವನಾದ ಕುಮಾರವ್ಯಾಸನು ಈ ಪ್ರಸಂಗಕ್ಕೆ ಕೊಟ್ಟ ನಗೆಯ ಮೆರುಗು ಅಂಥದು. ಅದನ್ನು ಓದಿದ ಮೇಲೆ ಈ ರಾಜಪುತ್ರನ ಪರವಾಗಿ ಮಾತನಾಡುವುದು ಸುಲಭವಲ್ಲ. ಆದರೂ ಒಂದು ಆಕ್ಷೇಪವನ್ನು ನಾವಿಲ್ಲಿ ಮುಂದಿಡಬಯಸುತ್ತೇವೆ. ಉತ್ತರನು ಒಂದು ಬಾರಿ ಹೆದರಿದನು; ಎರಡು ಬಾರಿ ಬೆಚ್ಚಿದನು. ಇವನ್ನು ಒಂದೇ ತಕ್ಕಡಿಯಲ್ಲಿ ತೂಗಿ ಒಂದೇ ತೀರ್ಪು ಕೊಡುವ ನಮ್ಮ ವಿಮರ್ಶೆಯ ವಾಡಿಕೆ ಸರಿಯಲ್ಲ.

ವ್ಯಾಸಭಾರತದ ಪ್ರಚಲಿತ ಪಾಠದಲ್ಲಿ ಕಥೆಯ ಕ್ರಮ ಹೀಗಿದೆ. ಕೌರವಸೇನೆಯನ್ನು ದೂರದಿಂದ ಕಂಡೊಡನೆ ಉತ್ತರನ ಧೈರ್ಯ ಉಡುಗುತ್ತದೆ. ತನ್ನ ಬಳಿ ಸೈನ್ಯವಿಲ್ಲ, ಎದುರಿಗೆ ಭೀಷ್ಮದ್ರೋಣಾದಿಗಳಿದ್ದಾರೆ ಎಂದು ಲೆಕ್ಕಹಾಕಿ, ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆಯ ವೇಷದ ಅರ್ಜುನನು ಅವನನ್ನು ಹಿಡಿದು ತಂದು, ಶಮೀವೃಕ್ಷದ ಬಳಿಯಲ್ಲಿ ತನ್ನ ನಿಜವನ್ನು ಹೇಳುತ್ತಾನೆ. ಆಗ ಉತ್ತರನು ತನಗಿನ್ನು ಭಯವಿಲ್ಲವೆಂದು ಹೇಳಿ ಸಾರಥ್ಯಕ್ಕೆ ಸಿದ್ಧನಾಗುತ್ತಾನೆ. ಇದಾದ ಬಳಿಕ ಅರ್ಜುನನು ಶಂಖವನ್ನು ಊದುತ್ತಾನೆ. ಕುದುರೆಗಳು ಮೊಣಕಾಲೂರುತ್ತವೆ; ಉತ್ತರನು ರಥದಲ್ಲಿ ಕುಸಿದು ಕುಳಿತುಕೊಳ್ಳುತ್ತಾನೆ. ಅರ್ಜುನನು ಸಂತೈಸಿ, ಕಾಲೂರಿ ನಿಲ್ಲು, ಹಗ್ಗಗಳನ್ನು ಬಿಗಿಯಾಗಿ ಹಿಡಿ, ಮತ್ತೆ ಊದುತ್ತೇನೆ ಎಂದು ಮುಂಚಿತವಾಗಿಯೇ ಎಚ್ಚರಿಸುತ್ತಾನೆ. ಊದಿದಾಗ ಉತ್ತರನು ಮತ್ತೆ ಕುಸಿಯುತ್ತಾನೆ.

ಭಯವಿಲ್ಲವೆಂದವನು, ಅದೂ ಎಚ್ಚರಿಕೆ ಪಡೆದವನು, ಏಕೆ ಕುಸಿದನು? ಆಡಿದ ಮಾತು ಬರಿಯ ಜಂಬವೆಂದು ತೀರ್ಮಾನಿಸಿದರೆ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಆದರೆ ನಮ್ಮ ಅಲಂಕಾರಶಾಸ್ತ್ರವೇ ಇದಕ್ಕಿಂತ ಸೂಕ್ಷ್ಮವಾದ ಉತ್ತರವನ್ನು ಇಟ್ಟುಕೊಂಡಿದೆ. ಭರತನು ಭಯವನ್ನು ಸ್ಥಾಯಿಭಾವಗಳಲ್ಲಿಯೂ ತ್ರಾಸವನ್ನು ಸಂಚಾರಿಭಾವಗಳಲ್ಲಿಯೂ ಎಣಿಸಿದ್ದಾನೆ. ಧಾರವಾಡದ ಮಾತಿನಲ್ಲಿ ತ್ರಾಸವೆಂದರೆ ತೊಂದರೆ. ಆದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಈ ಪದದ ಶಾಸ್ತ್ರಾರ್ಥ ಸುಲಭವಾಗಿ ಹತ್ತುವುದಿಲ್ಲ. ಮಿಂಚು, ಉಲ್ಕೆ, ಸಿಡಿಲು, ಮೋಡದ ಮೊಳಗು, ದೊಡ್ಡ ಪ್ರಾಣಿಗಳ ಕೂಗು ಇವು ತ್ರಾಸದ ವಿಭಾವಗಳು. ಎಲ್ಲವೂ ಥಟ್ಟನೆ ಬಂದೆರಗುವಂಥವು. ಮೈ ಸಂಕೋಚಗೊಳ್ಳುವುದು, ನಡುಗುವುದು, ರೆಪ್ಪೆ ಮುಚ್ಚುವುದು ಮುಂತಾದವು ಅದರ ಅನುಭಾವಗಳು. ಹದಿನಾರನೆಯ ಶತಮಾನದ ರೂಪಗೋಸ್ವಾಮಿಯು ಭಕ್ತಿರಸಾಮೃತಸಿಂಧುವಿನಲ್ಲಿ ಈ ಭೇದವನ್ನು ಇನ್ನೂ ಸ್ಪಷ್ಟಪಡಿಸಿ, ಹಿಂದುಮುಂದಿನ ವಿಚಾರದಿಂದ ಹುಟ್ಟುವುದು ಭಯ, ಹಠಾತ್ತಾಗಿ ಮೈಮನಗಳನ್ನು ನಡುಗಿಸುವುದು ತ್ರಾಸ ಎಂದಿದ್ದಾನೆ. ಸೇನೆಯನ್ನು ಕಂಡು ಲೆಕ್ಕಹಾಕಿದ ಉತ್ತರನದು ಭಯ. ಶಂಖಧ್ವನಿಗೆ ಕುಸಿದವನದು ತ್ರಾಸ.

ಈ ವಿಭಾಗ ಬರಿಯ ಪರಿಭಾಷೆಯ ಕಸರತ್ತಲ್ಲವೆಂಬುದಕ್ಕೆ ಶರೀರಶಾಸ್ತ್ರದ ಸಾಕ್ಷ್ಯವಿದೆ. ಲ್ಯಾಂಡಿಸ್ ಮತ್ತು ಹಂಟ್ ಎಂಬ ಮನಶ್ಶಾಸ್ತ್ರಜ್ಞರು ಪಿಸ್ತೂಲಿನ ಸದ್ದಿಗೆ ಮನುಷ್ಯರು ಬೆಚ್ಚುವುದನ್ನು ಅತಿವೇಗದ ಚಲನಚಿತ್ರದಲ್ಲಿ ಸೆರೆಹಿಡಿದು ೧೯೩೯ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಮೊದಲು ರೆಪ್ಪೆ ಮುಚ್ಚುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ, ಹೆಗಲು ಮೇಲೇರುತ್ತದೆ, ಮೊಣಕೈ ಮಡಿಯುತ್ತದೆ, ಮೊಣಕಾಲು ಬಗ್ಗುತ್ತದೆ. ಗುಂಡು ಹಾರಿಸಿ ಪಳಗಿದ ಪೊಲೀಸರ ರೆಪ್ಪೆಯೂ ಮುಚ್ಚದೆ ಇರಲಿಲ್ಲ. ಮುಂದೆ ಬಂದ ಅಳತೆಗಳ ಪ್ರಕಾರ, ಸದ್ದಾದ ಮೇಲೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು ೩೦ರಿಂದ ೫೦ ಕಳೆಯುವುದರೊಳಗೆ ರೆಪ್ಪೆಯ ಸ್ನಾಯು ಕೆಲಸಮಾಡುತ್ತದೆ. ಕಿವಿಯ ಹಿಂಬದಿಯಿಂದ ಎದೆಯೆಲುಬಿನವರೆಗೆ ಇಳಿಯುವ ಕೊರಳಿನ ಸ್ನಾಯು ಅದರ ಬೆನ್ನಿಗೇ ಬಿಗಿಯುತ್ತದೆ. ಕೈಕಾಲುಗಳ ಸರದಿ ಆಮೇಲೆ. ಕಿವಿಯಿಂದ ಹೊರಟ ಸುದ್ದಿ ಮೆದುಳಿನ ಕಾಂಡದಲ್ಲಿರುವ ಕೆಲವು ದೊಡ್ಡ ನರಕೋಶಗಳನ್ನು ಮುಟ್ಟಿ, ಅಲ್ಲಿಂದಲೇ ನೇರವಾಗಿ ಸ್ನಾಯುಗಳ ನರಗಳಿಗೆ ಇಳಿಯುತ್ತದೆ. ವಿಚಾರಮಾಡುವ ಮೇಲ್ಮೆದುಳಿನ ಅಪ್ಪಣೆಗೆ ಅದು ಕಾಯುವುದಿಲ್ಲ. ಮೇಲ್ಮೆದುಳಿನ ಸಂಬಂಧ ಕಡಿದ ಬೆಕ್ಕುಗಳಲ್ಲಿಯೂ ಸದ್ದಿಗೆ ಪರಾವರ್ತಿತ ಕ್ರಿಯೆ ಉಳಿದಿರುತ್ತದೆಂದು ಫೋರ್ಬ್ಸ್ ಮತ್ತು ಶೆರಿಂಗ್ಟನ್ನರು ೧೯೧೪ರಷ್ಟು ಹಿಂದೆಯೇ ತೋರಿಸಿದ್ದರು. ವ್ಯಾಸರು ಉತ್ತರನನ್ನೂ ಕುದುರೆಗಳನ್ನೂ ಒಂದೇ ಉಸಿರಿನಲ್ಲಿ ಕುಸಿಯುವಂತೆ ಮಾಡಿದ್ದು ನಮಗೆ ಈಗ ಬೇರೆ ಬಗೆಯಾಗಿ ಕಾಣುತ್ತದೆ.

ಎರಡನೆಯ ಶಂಖನಾದದ ವಿಷಯ ಇನ್ನೂ ಸ್ವಾರಸ್ಯವಾದುದು. ಎಕ್ಮನ್ ಮತ್ತು ಅವರ ಸಂಗಡಿಗರು ೧೯೮೫ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸದ್ದು ಯಾವಾಗ ಬರುವುದೆಂದು ಮೊದಲೇ ತಿಳಿಸಿದವರೂ ಬೆಚ್ಚಿದರು. ಬೆಚ್ಚುವಿಕೆಯ ತೀವ್ರತೆ ಕುಗ್ಗಿತೇ ಹೊರತು ಅದು ಇಲ್ಲವಾಗಲಿಲ್ಲ. ತಡೆಹಿಡಿಯಬೇಕೆಂದು ಯತ್ನಿಸಿದವರಿಗೂ ಅದು ಸಾಧ್ಯವಾಗಲಿಲ್ಲ. ಕಣ್ಣಿಗೆ ಬೀಳುವ ಅಪಾಯದಲ್ಲಿಯೂ ಇದೇ ಕಥೆ. ಗಾಜಿನ ಆಚೆಗಿದ್ದ ಹಾವು ಎರಗಿದಾಗ ಹಿಂದೆ ಸರಿಯಬಾರದೆಂದು ನಿಶ್ಚಯಿಸಿದ್ದ ಡಾರ್ವಿನ್ನನು ಹಿಂದಕ್ಕೆ ಹಾರಿದುದನ್ನು ತಾನೇ ೧೮೭೨ರ ಗ್ರಂಥದಲ್ಲಿ ಬರೆದಿದ್ದಾನೆ. ಅವನನ್ನು ಯಾರೂ ಹೇಡಿಯೆನ್ನಲಿಲ್ಲ. ನಾವು ಈ ಭಾಗವನ್ನೇ ಪಾಠಹೇಳುತ್ತಿದ್ದ ಒಂದು ಮಳೆಗಾಲದ ಮಧ್ಯಾಹ್ನ, ಗಾಳಿಗೆ ಕಿಟಕಿಯ ಬಾಗಿಲು ಬಡಿದಾಗ, ಉತ್ತರನನ್ನು ನೋಡಿ ನಗುತ್ತಿದ್ದ ತರಗತಿಯೆಲ್ಲವೂ ಹೆಗಲೇರಿಸಿ ಕೊರಳು ತಗ್ಗಿಸಿತು. ನಾವೂ ಅದರಿಂದ ಹೊರತಾಗಿರಲಿಲ್ಲ.

ಇಷ್ಟರಿಂದಲೇ ಉತ್ತರನನ್ನು ಪೂರ್ಣವಾಗಿ ನಿರ್ದೋಷಿಯೆಂದು ಸಾರುವುದು ಅವಸರವಾದೀತು. ಬೆಚ್ಚುವಿಕೆ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಮೊಣಕಾಲು ಬಗ್ಗುವುದು ಅದರ ಅಂಗವಾದರೂ, ಬಗ್ಗಿದವನು ರಥವನ್ನು ಅವುಚಿಕೊಂಡು ಕುಳಿತೇ ಇರುವುದು ಮನಸ್ಸಿನ ಕೆಲಸ. ಅಲ್ಲದೆ ಭಯವು ಬೆಚ್ಚುವಿಕೆಯನ್ನು ಹೆಚ್ಚಿಸುತ್ತದೆಂಬುದು ೧೯೫೧ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಿಂದ ಸಿದ್ಧಪಟ್ಟಿದೆ. ಓಡಿಹೋದ ಗಳಿಗೆಯ ಭಯ ಉತ್ತರನ ಒಳಗೆ ಒಂದಿಷ್ಟು ಉಳಿದಿದ್ದರೆ, ಅದು ಶಂಖದ ಸದ್ದಿಗೆ ಬಲ ಕೊಟ್ಟಿರಬಹುದು. ಭಯತ್ರಾಸಗಳು ಬೇರೆಯಾದರೂ ನೆರೆಹೊರೆಯವು. ನಮ್ಮ ವಾದ ಇಷ್ಟೇ: ಕುಸಿದುದು ಮಾತ್ರವೇ ಹೇಡಿತನಕ್ಕೆ ಸಾಕ್ಷಿಯಾಗಲಾರದು.

ಹೋಲಿಕೆಗಾಗಿ ರನ್ನನ ಗದಾಯುದ್ಧವನ್ನು ನೋಡಬಹುದು. ಕೊಳದೊಳಗಿರುವ ದುರ್ಯೋಧನನು ಭೀಮನ ಗರ್ಜನೆಯನ್ನು ಕೇಳಿ, ಕೋಪದಿಂದ ಕಣ್ಣು ಕೆಂಪಾಗಿ, ನೀರೊಳಗಿದ್ದೂ ಬೆವರುತ್ತಾನೆ. ಇಲ್ಲಿಯೂ ಭೀಕರ ಧ್ವನಿಯೇ ಕಾರಣ. ಆದರೆ ಬೆವರು ಮೂಡಲು ಒಂದೆರಡು ಸೆಕೆಂಡಾದರೂ ಬೇಕು. ಅದು ಸದ್ದಿಗೆ ಕೊಟ್ಟ ಉತ್ತರವಲ್ಲ, ಸದ್ದಿನ ಅರ್ಥಕ್ಕೆ ಕೊಟ್ಟ ಉತ್ತರ. ಮುಧೋಳದ ಈ ಮಹಾಕವಿ ತನ್ನ ನಾಯಕನ ಕೊರಳನ್ನು ಅಲುಗಿಸದೆ ಬೆವರನ್ನು ಆಯ್ದುಕೊಂಡದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಭರತನು ಭಯವನ್ನು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಹಂಚಿಕೊಟ್ಟಿದ್ದಾನೆ. ಛಲದಂಕಮಲ್ಲನಿಗೆ ಬೆಚ್ಚುವಿಕೆ ಕೂಡ ಒಪ್ಪದೆಂದು ಕವಿ ಬಗೆದಿರಬೇಕು. ಕಾವ್ಯಕ್ಕೆ ಅದು ಸೊಗಸು. ಆದರೆ ಮೆದುಳಿನ ಕಾಂಡಕ್ಕೆ ಉತ್ತಮ ಅಧಮಗಳ ಎಣಿಕೆ ಇಲ್ಲ.

ಇಲ್ಲಿ ರಂಗಭೂಮಿಯ ಮಾತೂ ಬರುತ್ತದೆ. ಎದೆ ಝಲ್ಲೆಂದಿತು, ಧಸಕ್ಕೆಂದಿತು ಎಂದು ನಮ್ಮ ನುಡಿ ಬೆಚ್ಚುವಿಕೆಯನ್ನು ಎದೆಯಲ್ಲಿಟ್ಟಿದೆ. ನಾವು ನೋಡಿದ ನಾಟಕಗಳಲ್ಲಿ ನಟರೂ ಎದೆಯ ಮೇಲೆ ಕೈಯಿಡುತ್ತಾರೆ. ಎದೆಬಡಿತ ಆಮೇಲಿನದು; ಮೊದಲು ಕದಲುವುದು ಕಣ್ಣು, ಕೊರಳು. ಭರತನು ಹೇಳುವ ಒಂಬತ್ತು ಗ್ರೀವಾಭೇದಗಳಲ್ಲಿ ಕುಂಚಿತವೆಂಬುದು ಭಾರ ಹೊತ್ತಾಗ ಮತ್ತು ಕೊರಳನ್ನು ಕಾಪಾಡಿಕೊಳ್ಳುವಾಗ ಬಳಸತಕ್ಕದ್ದು. ಹಿಂದಿನಿಂದ ಎರಗುವ ಪೆಟ್ಟಿನಿಂದ ಕತ್ತನ್ನು ಕಾಯುವುದೇ ಬೆಚ್ಚುವಿಕೆಯ ಪ್ರಯೋಜನವಿರಬೇಕೆಂದು ಇಂದಿನ ಕೆಲವು ವಿಜ್ಞಾನಿಗಳೂ ಊಹಿಸಿದ್ದಾರೆ. ಭರತನು ಕುಂಚಿತವನ್ನು ತ್ರಾಸದೊಡನೆ ಸೇರಿಸಿ ಹೇಳಿಲ್ಲ; ಸೇರಿಸಿಕೊಳ್ಳುವ ಸ್ವಾತಂತ್ರ್ಯ ನಟನಿಗಿದೆ.

ಉತ್ತರನ ಬಗೆಗೆ ಮೂಲದಲ್ಲಿಯೇ ಇರುವ ಒಂದು ಸಂಗತಿಯನ್ನು ನಮ್ಮ ಓದುಗರು ಗಮನಿಸಬೇಕು. ಅವನು ಹೆದರಿ ಓಡಿದಾಗ ಅರ್ಜುನನು ಬೆನ್ನಟ್ಟಿ ತಲೆಗೂದಲು ಹಿಡಿದು ನಿಲ್ಲಿಸಿದನು. ಶಂಖದ ಸದ್ದಿಗೆ ಕುಸಿದಾಗ, ಮೊದಲನೆಯ ಸಲವೂ ಎರಡನೆಯ ಸಲವೂ, ಸಮಾಧಾನವನ್ನು ಹೇಳಿದನು.