ರೇಂಜ್ ರೋವರ್: ಸ್ಪ್ರಿಂಗಿನಿಂದ ಸೋಫಾದವರೆಗೆ

ಕಾವ್ಯಕ್ಕೆ ವಿಮರ್ಶೆಯಿದೆ, ನಾಟಕಕ್ಕೆ ವಿಮರ್ಶೆಯಿದೆ. ಯಂತ್ರಕ್ಕೆ? ದಿನಪತ್ರಿಕೆಗಳಲ್ಲಿ ಬರುವ ವಾಹನ ವಿಮರ್ಶೆಗಳನ್ನು ನೀವು ಓದಿರಬಹುದು. ಬೆಲೆ, ಬಣ್ಣ, ಸೀಟಿನ ಚರ್ಮ, ಪರದೆಯ ಅಳತೆ, ಕೊನೆಗೆ ಐದರಲ್ಲಿ ಇಷ್ಟು ನಕ್ಷತ್ರ. ಆ ಯಂತ್ರ ಯಾವ ಸಮಸ್ಯೆಗೆ ಉತ್ತರವಾಗಿ ಹುಟ್ಟಿತು, ಉತ್ತರ ಸರಿಯಾಗಿತ್ತೇ, ಮುಂದೆ ಅದು ಏನಾಯಿತು ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗವಿರುವುದಿಲ್ಲ. ಈ ಪ್ರಶ್ನೆಗಳನ್ನು ಬ್ರಿಟನ್ನಿನ ರೇಂಜ್ ರೋವರ್ ವಾಹನಕ್ಕೆ ಹಾಕಿ ನೋಡೋಣ. 1970ರ ಜೂನ್‌ನಲ್ಲಿ ಬಿಡುಗಡೆಯಾದ ಈ ವಾಹನ, ರಸ್ತೆಯಿಲ್ಲದ ಕಡೆಗೂ ಹೋಗಬಲ್ಲ ಐಷಾರಾಮಿ ವಾಹನಗಳ ಇಡೀ ವರ್ಗಕ್ಕೆ ಮಾದರಿಯಾಯಿತು. 2008ರಲ್ಲಿ ಟಾಟಾ ಮೋಟಾರ್ಸ್ ಸಂಸ್ಥೆ 230 ಕೋಟಿ ಡಾಲರ್ ಕೊಟ್ಟು ಜಾಗ್ವಾರ್ ಮತ್ತು ಲ್ಯಾಂಡ್ ರೋವರ್‌ಗಳನ್ನು ಫೋರ್ಡ್‌ನಿಂದ ಕೊಂಡ ಮೇಲೆ ನಮಗೂ ಇದರ ನಂಟು ಬೆಳೆದಿದೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ರೇಂಜ್ ರೋವರ್‌ನಲ್ಲಿ ಸುಖವೆನ್ನುವುದು ಒಂದು ಭೌತಿಕ ಸಮಸ್ಯೆಯನ್ನು ಸರಿಯಾಗಿ ಬಿಡಿಸಿದ್ದರ ಫಲವಾಗಿತ್ತು. ನಂತರದ ಮಾದರಿಗಳಲ್ಲಿ ಅದು ಯಂತ್ರ ಹೊರಬೇಕಾದ ಹೊರೆಯಾಯಿತು.

ಸಮಸ್ಯೆ ಏನಿತ್ತು? ರೋವರ್ ಕಂಪನಿ 1948ರಲ್ಲಿ ಹೊರತಂದ ಲ್ಯಾಂಡ್ ರೋವರ್ ಹೊಲಗದ್ದೆಗಳ ಗಟ್ಟಿಗ. ಆದರೆ ಅದರ ಅಚ್ಚುಗಳು ನಿಂತಿದ್ದುದು ಕುದುರೆಗಾಡಿಯ ವಂಶಕ್ಕೆ ಸೇರಿದ, ನಮ್ಮ ಲಾರಿ ಮೆಕ್ಯಾನಿಕ್‌ಗಳು ಕಮಾನು ಎನ್ನುವ ಉಕ್ಕಿನ ಪಟ್ಟಿಗಳ ಮೇಲೆ. ಈ ಪಟ್ಟಿಗಳು ಗಡುಸು. ಮೇಲಾಗಿ ಒಂದರ ಮೇಲೊಂದು ಉಜ್ಜಿಕೊಂಡು ಸಣ್ಣ ಕುಲುಕಾಟಗಳನ್ನು ನುಂಗುವುದೇ ಇಲ್ಲ. ಕೂತವರ ಬೆನ್ನಿನ ಕಷ್ಟ ಒತ್ತಟ್ಟಿಗಿರಲಿ, ಉಬ್ಬುತಗ್ಗಿನ ನೆಲದಲ್ಲಿ ಗಡುಸು ಸ್ಪ್ರಿಂಗಿನ ಗಾಲಿ ತಗ್ಗಿಗೆ ಇಳಿಯದೆ ಗಾಳಿಯಲ್ಲಿ ನೇತಾಡುತ್ತದೆ. ಗಾಳಿಯಲ್ಲಿರುವ ಗಾಲಿಗೆ ಘರ್ಷಣೆಯಿಲ್ಲ, ಘರ್ಷಣೆಯಿಲ್ಲದೆ ಎಳೆತವಿಲ್ಲ.

1960ರ ದಶಕದ ನಡುಭಾಗದಲ್ಲಿ ರೋವರ್‌ನ ಎಂಜಿನಿಯರ್‌ಗಳಾದ ಸ್ಪೆನ್ ಕಿಂಗ್ ಮತ್ತು ಗಾರ್ಡನ್ ಬ್ಯಾಷ್‌ಫರ್ಡ್ ಹಿಡಿದ ಎಳೆ ಇದು. ಅವರು ಕಮಾನನ್ನು ಬಿಟ್ಟು ಉದ್ದನೆಯ, ಮೃದುವಾದ ಸುರುಳಿ ಸ್ಪ್ರಿಂಗುಗಳನ್ನು ಆರಿಸಿಕೊಂಡರು. ಇದರ ಭೌತವಿಜ್ಞಾನ ನಿಮ್ಮ ಪದವಿಪೂರ್ವ ಪಠ್ಯದಲ್ಲೇ ಇದೆ. ಸ್ಪ್ರಿಂಗಿನ ಮೇಲೆ ಕೂತ ವಸ್ತುವಿನ ಸ್ವಾಭಾವಿಕ ಆವೃತ್ತಿಯನ್ನು ತಿಳಿಯಲು ಅದರ ತೂಕಕ್ಕೆ ಸ್ಪ್ರಿಂಗು ಎಷ್ಟು ಕುಸಿಯಿತು ಎಂಬ ಒಂದೇ ಅಳತೆ ಸಾಕು. ಗುರುತ್ವ ವೇಗೋತ್ಕರ್ಷವನ್ನು ಆ ಕುಸಿತದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈ ಯಿಂದ ಭಾಗಿಸಿ. ಕುಸಿತ 6 ಸೆಂಟಿಮೀಟರ್ ಇದ್ದರೆ ಆವೃತ್ತಿ ಸುಮಾರು 2 ಹರ್ಟ್ಜ್; 16 ಸೆಂಟಿಮೀಟರ್ ಇದ್ದರೆ ಸುಮಾರು ಒಂದೂಕಾಲು ಹರ್ಟ್ಜ್. ಎರಡನೆಯದು ಮೈಗೆ ಹಿತ. ಅದೇ ಮೃದುವಾದ ಸ್ಪ್ರಿಂಗು ಗಾಲಿಯನ್ನು ತಗ್ಗಿನೊಳಕ್ಕೆ ಒತ್ತಿ ನೆಲಕ್ಕೆ ಅಂಟಿಸಿಯೂ ಇಡುತ್ತದೆ. ಸುಖ ಮತ್ತು ಹಿಡಿತ ಎರಡಕ್ಕೂ ಇಲ್ಲಿ ಉತ್ತರ ಒಂದೇ. ಎಂಜಿನಿಯರಿಂಗ್‌ನಲ್ಲಿ ಇಂಥ ಭಾಗ್ಯ ಅಪರೂಪ. ಸಾಮಾನ್ಯವಾಗಿ ಒಂದನ್ನು ಪಡೆಯಲು ಇನ್ನೊಂದನ್ನು ಕಳೆದುಕೊಳ್ಳಬೇಕು.

ಕಳೆದುಕೊಳ್ಳುವುದು ಇಲ್ಲೂ ಇತ್ತು. ಮೃದು ಸ್ಪ್ರಿಂಗಿನ ಮೇಲೆ ನಾಲ್ಕು ಮೂಟೆ ಹೇರಿದರೆ ವಾಹನದ ಹಿಂಭಾಗ ಕುಸಿದು ಮೂಗು ಮೇಲೆ ನೋಡುತ್ತದೆ. ಇದಕ್ಕೆ ಬೋಗೆ ಎಂಬ ಜರ್ಮನ್ ಕಂಪನಿಯ ಒಂದು ಸಾಧನವನ್ನು ಹಿಂದಿನ ಅಚ್ಚಿನ ಮೇಲೆ ಕೂರಿಸಿದರು. ನನಗೆ ಇಡೀ ವಾಹನದಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ. ಇದಕ್ಕೆ ಮೋಟಾರಿಲ್ಲ, ಎಂಜಿನ್ನಿನಿಂದ ಶಕ್ತಿಯ ಪೂರೈಕೆಯಿಲ್ಲ. ವಾಹನ ಓಡುವಾಗ ಆಗುವ ಕುಲುಕಾಟವೇ ಒಳಗಿನ ಪಂಪನ್ನು ಆಡಿಸಿ, ಎಣ್ಣೆಯ ಒತ್ತಡವನ್ನು ಏರಿಸಿ, ಕುಸಿದ ಹಿಂಭಾಗವನ್ನು ಸರಿಯಾದ ಎತ್ತರಕ್ಕೆ ತಂದು ನಿಲ್ಲಿಸುತ್ತದೆ. ಶಾಖವಾಗಿ ವ್ಯರ್ಥವಾಗಬೇಕಿದ್ದ ಶಕ್ತಿಯಲ್ಲೇ ಕೆಲಸ ಮುಗಿಯುತ್ತದೆ.

ಎರಡನೆಯ ನಿರ್ಧಾರ ನಾಲ್ಕೂ ಗಾಲಿಗಳಿಗೆ ಸದಾ ಚಾಲನೆ ಕೊಟ್ಟದ್ದು. ಅಮೆರಿಕದ ಬ್ಯೂಕ್ ಕಾರಿಗಾಗಿ ಹುಟ್ಟಿದ, ಹಕ್ಕುಗಳನ್ನು ರೋವರ್ ಕೊಂಡುಕೊಂಡಿದ್ದ, ಅಲ್ಯೂಮಿನಿಯಂನ ಮೂರೂವರೆ ಲೀಟರ್ ಎಂಟು ಸಿಲಿಂಡರಿನ ಎಂಜಿನ್ ಇದಕ್ಕೆ ಸಿಕ್ಕಿತ್ತು. ಅದರ ಟಾರ್ಕನ್ನೆಲ್ಲ ಹಿಂದಿನ ಅಚ್ಚೊಂದೇ ತಡೆಯಬೇಕಾದರೆ ಅಚ್ಚು ಬಹಳ ಭಾರವಾಗಬೇಕಿತ್ತು. ಸ್ಪ್ರಿಂಗಿನ ಕೆಳಗಿನ ಭಾರ ಹೆಚ್ಚಿದರೆ ಗಾಲಿ ನೆಲದ ಏರಿಳಿತವನ್ನು ಹಿಂಬಾಲಿಸಲಾರದು. ಎರಡೂ ಅಚ್ಚುಗಳಿಗೆ ಹಂಚಿದರೆ ಎರಡೂ ಹಗುರವಾಗಿರಬಹುದು. ಹಂಚಿಕೆಗೆ ನಡುವೆ ಒಂದು ಡಿಫರೆನ್ಷಿಯಲ್, ಕೆಸರಿನಲ್ಲಿ ಅದನ್ನು ಬಿಗಿಹಿಡಿಯಲು ಒಂದು ಬೀಗ. ನೋಡಿ, ಇದೂ ಪ್ರದರ್ಶನಕ್ಕೆ ಬಂದದ್ದಲ್ಲ, ಸ್ಪ್ರಿಂಗಿನ ತರ್ಕವನ್ನೇ ಹಿಂಬಾಲಿಸಿ ಬಂದದ್ದು. ಇನ್ನು ಒಳಗಿನ ವೈಭವವೋ? ಪ್ಲಾಸ್ಟಿಕ್ ಹೊದಿಕೆಯ ಸೀಟು, ಪೈಪು ಹಿಡಿದು ತೊಳೆಯಬಹುದಾದ ನೆಲ, ಎರಡೇ ಬಾಗಿಲು. ಕಂಪನಿಯೇ ನಾಲ್ಕು ಬಾಗಿಲು ಇಟ್ಟದ್ದು 1981ರಲ್ಲಿ. ಮೈಮಾಟದ ಬಹುಪಾಲನ್ನೂ ಎಂಜಿನಿಯರ್‌ಗಳೇ ಮೂಲಮಾದರಿಗೆಂದು ಗೀಚಿದ್ದರು; ವಿನ್ಯಾಸಕಾರ ಡೇವಿಡ್ ಬಾಕ್ ಅದನ್ನು ತಿದ್ದಿ ನಯಗೊಳಿಸಿದರು.

ಈಗ ಒಂದು ಲೆಕ್ಕ. ಆ ಎಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 250 ನ್ಯೂಟನ್ ಮೀಟರ್. ಅತಿ ಕೆಳಗಿನ ಗೇರಿನಲ್ಲಿ ಅದು ಗಾಲಿಗೆ ತಲಪುವಷ್ಟರಲ್ಲಿ ಸುಮಾರು 48 ಪಟ್ಟಾಗುತ್ತದೆ, ಅಂದರೆ 12,000 ನ್ಯೂಟನ್ ಮೀಟರ್. ಟೈರಿನ ತ್ರಿಜ್ಯ 0.37 ಮೀಟರ್ ಎಂದಿಟ್ಟುಕೊಂಡರೆ ನೆಲದ ಮೇಲೆ ದೊರೆಯುವ ಬಲ, ನಷ್ಟಗಳನ್ನು ಬಿಟ್ಟು, ಸುಮಾರು 32,000 ನ್ಯೂಟನ್. ವಾಹನದ ದ್ರವ್ಯರಾಶಿ ಸುಮಾರು 1,750 ಕಿಲೋಗ್ರಾಂ, ತೂಕ ಸುಮಾರು 17,000 ನ್ಯೂಟನ್. ಎಂಜಿನ್ ಕೊಡಬಲ್ಲ ಬಲ ವಾಹನದ ತೂಕದ ಇಮ್ಮಡಿಗೆ ಹತ್ತಿರವಿದೆ! ಅಂದಮೇಲೆ ಕಚ್ಚಾನೆಲದಲ್ಲಿ ಮಿತಿ ಹಾಕುವುದು ಎಂಜಿನ್ನಲ್ಲ, ನೆಲದ ಹಿಡಿತ. ಈ ಕೆಲಸಕ್ಕೆ 1970ರ 135 ಅಶ್ವಶಕ್ತಿಯೇ ಧಾರಾಳ. 2021ರ ಕೊನೆಯಲ್ಲಿ ಪ್ರಕಟವಾದ ಐದನೆಯ ಪೀಳಿಗೆಯ ದುಬಾರಿ ಮಾದರಿಗೆ 530 ಅಶ್ವಶಕ್ತಿ ಇದೆ. ಕೆಸರಿನಲ್ಲಿ ಈ ಹೆಚ್ಚುವರಿಗೆ ಮಾಡಲು ಕೆಲಸವಿಲ್ಲ. ಅದು ಹೆದ್ದಾರಿಯಲ್ಲಿ ಭಾರವನ್ನು ಬೇಗ ಓಡಿಸುವುದಕ್ಕೆ.

ಭಾರ ಹೆಚ್ಚಿದರೆ ಹಿಡಿತವೂ ಹೆಚ್ಚುವುದಿಲ್ಲವೇ ಎಂದು ಕೇಳುವ ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿ ಪ್ರತಿ ವರ್ಷ ಇರುತ್ತಾರೆ. ಪ್ರಶ್ನೆ ಒಳ್ಳೆಯದೇ. ಇಳಿಜಾರಿನಲ್ಲಿ ಹಿಡಿತವೂ ತೂಕಕ್ಕೆ ಅನುಪಾತದಲ್ಲಿದೆ, ಕೆಳಗೆ ಜಾರಿಸುವ ಬಲವೂ ತೂಕಕ್ಕೆ ಅನುಪಾತದಲ್ಲಿದೆ. ಎರಡೂ ಕಡೆಯಿಂದ ದ್ರವ್ಯರಾಶಿ ಹೊಡೆದುಹೋಗುತ್ತದೆ. ನಾಲ್ಕೂ ಗಾಲಿಗೆ ಚಾಲನೆಯಿದ್ದರೆ ಹತ್ತಬಹುದಾದ ಕೋನದ ಟ್ಯಾನ್ ಬೆಲೆ ಘರ್ಷಣಾ ಗುಣಾಂಕದಷ್ಟೇ. ಒದ್ದೆ ಹುಲ್ಲಿಗೆ 0.3 ಎಂದು ಇಟ್ಟುಕೊಳ್ಳಿ, ಸುಮಾರು 17 ಡಿಗ್ರಿ ಬರುತ್ತದೆ. ಅರ್ಧ ತೂಕ ಹೊತ್ತ ಎರಡೇ ಗಾಲಿಗೆ ಚಾಲನೆಯಿದ್ದರೆ ಸುಮಾರು ಎಂಟೂವರೆ ಡಿಗ್ರಿ. ನಾಲ್ಕು ಗಾಲಿ ಚಾಲನೆಯ ಲಾಭ ನಿಜ, ದೊಡ್ಡದು. ಭಾರದ ಲಾಭ ಸೊನ್ನೆ.

ಮೆತ್ತನೆಯ ಮಣ್ಣಿನಲ್ಲಿ ಸೊನ್ನೆಗಿಂತಲೂ ಕಡಿಮೆ. ಪೋಲೆಂಡ್ ಮೂಲದ ಎಂಜಿನಿಯರ್ ಬೆಕ್ಕರ್ 1956ರಲ್ಲಿ ನೆಲದ ಮೇಲಿನ ಚಲನೆಯ ಸಿದ್ಧಾಂತವನ್ನು ಗ್ರಂಥವಾಗಿ ಬರೆದರು. ಮುಂದೆ ಚಂದ್ರನ ಮೇಲೆ ಓಡಿದ ಅಪೋಲೊ ಬಂಡಿಯ ವಿನ್ಯಾಸಕ್ಕೂ ಕೈಹಚ್ಚಿದರು. ಈ ಶಾಸ್ತ್ರದ ಪ್ರಕಾರ ಮಣ್ಣು ಕೊಡುವ ಎಳೆತಕ್ಕೆ ಎರಡು ಪಾಲು. ಒಂದು, ಮಣ್ಣಿನ ಅಂಟುಬಲವನ್ನು ಸ್ಪರ್ಶದ ಕ್ಷೇತ್ರಫಲದಿಂದ ಗುಣಿಸಿದಾಗ ಬರುವುದು. ಇನ್ನೊಂದು, ತೂಕವನ್ನು ಮಣ್ಣಿನ ಕಣಗಳ ಒಳಘರ್ಷಣೆಯಿಂದ ಗುಣಿಸಿದಾಗ ಬರುವುದು. ಒಣ ಮರಳಿನಲ್ಲಿ ಎರಡನೆಯದೇ ಎಲ್ಲ. ನೀರು ಕುಡಿದ ಜೇಡಿಯಲ್ಲಿ ಎರಡನೆಯದು ಬಹುತೇಕ ಮಾಯ. ಅಲ್ಲಿ ತೂಕ ಹೆಚ್ಚಿದಷ್ಟೂ ಗಾಲಿ ಹೂತುಕೊಳ್ಳುತ್ತದೆ, ಎಳೆತ ಮಾತ್ರ ಹೆಚ್ಚುವುದಿಲ್ಲ. ಮಳೆ ಬಿದ್ದ ಎರೆಹೊಲಕ್ಕೆ ಗಾಡಿ ಇಳಿಸಬಾರದೆಂದು ಧಾರವಾಡ, ಗದಗ ಕಡೆಯ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಸರುಗದ್ದೆಗೆ ಇಳಿಯುವ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್‌ವೀಲ್ ಹಾಕುವುದೂ ಕ್ಷೇತ್ರಫಲಕ್ಕಾಗಿಯೇ.

ಮಿತಿಮೀರಿದ ಹೊರೆ ಏನು ಮಾಡುತ್ತದೆಂಬುದನ್ನು ಈ ವಾಹನ ಎಳವೆಯಲ್ಲೇ ತೋರಿಸಿಕೊಟ್ಟಿತ್ತು. 1971ರ ಡಿಸೆಂಬರ್‌ನಲ್ಲಿ ಅಲಾಸ್ಕದಿಂದ ಹೊರಟು 1972ರಲ್ಲಿ ದಕ್ಷಿಣ ಅಮೆರಿಕದ ತುದಿ ಮುಟ್ಟಿದ ಬ್ರಿಟಿಷ್ ಯಾತ್ರೆಯೊಂದು, ಪನಾಮ ಮತ್ತು ಕೊಲಂಬಿಯಾಗಳ ನಡುವಿನ ಡಾರಿಯನ್ ಕಾಡನ್ನು ಎರಡು ರೇಂಜ್ ರೋವರ್‌ಗಳಲ್ಲಿ ದಾಟಿತು. ಜೌಗಿಗೆಂದು ಹಾಕಿದ ಭಾರಿ ಗಾತ್ರದ ಟೈರು, ಮೇಲೆ ತುಂಬು ಸಾಮಾನು. ಡಿಫರೆನ್ಷಿಯಲ್‌ಗಳು ಒಡೆದುಹೋದವು. ಗಾಲಿಯ ತ್ರಿಜ್ಯ ಹೆಚ್ಚಿದರೆ ಅದೇ ಬಲಕ್ಕೆ ಅಚ್ಚು ತಡೆಯಬೇಕಾದ ಟಾರ್ಕ್ ಹೆಚ್ಚುತ್ತದೆ, ಬೇರೇನಲ್ಲ.

ನಂತರದ ಎಂಜಿನಿಯರ್‌ಗಳು ಜಾಣರಲ್ಲ ಎಂದು ನಾನು ಹೇಳುತ್ತಿಲ್ಲ. 1992ರಲ್ಲಿ ಬಂದ ಗಾಳಿ ಸ್ಪ್ರಿಂಗನ್ನೇ ನೋಡಿ. ಹೊರೆ ಹೆಚ್ಚಾದಾಗ ಎತ್ತರ ಬದಲಾಗದಂತೆ ಒಳಗಿನ ಗಾಳಿಯ ಒತ್ತಡವನ್ನು ಏರಿಸಿದರೆ ಸ್ಪ್ರಿಂಗಿನ ಗಡಸುತನವೂ ಬಹುಮಟ್ಟಿಗೆ ಅದೇ ಪ್ರಮಾಣದಲ್ಲಿ ಏರುತ್ತದೆ. ಗಡಸುತನ ಮತ್ತು ದ್ರವ್ಯರಾಶಿಗಳ ಅನುಪಾತ ಹೆಚ್ಚುಕಡಿಮೆ ಸ್ಥಿರ, ಹಾಗಾಗಿ ಆವೃತ್ತಿಯೂ ಸ್ಥಿರ. ಖಾಲಿ ಇರಲಿ, ತುಂಬಿರಲಿ, ವಾಹನ ಒಂದೇ ಲಯದಲ್ಲಿ ತೂಗುತ್ತದೆ. ಉಕ್ಕಿನ ಸುರುಳಿಗೆ ಇದು ಸಾಧ್ಯವಿಲ್ಲ. ಜಾರುವ ಗಾಲಿಯನ್ನು ಕ್ಷಣದಲ್ಲಿ ಗುರುತಿಸಿ ಬ್ರೇಕು ಹಾಕುವ ಇಲೆಕ್ಟ್ರಾನಿಕ್ಸ್ ಕೂಡ ಮೆಚ್ಚತಕ್ಕದ್ದೇ. ಕೆಲವೇ ಗ್ರಾಂ ಸಿಲಿಕಾನ್ ಹತ್ತಾರು ಕಿಲೋಗ್ರಾಂ ಉಕ್ಕಿನ ಕೆಲಸ ಮಾಡುತ್ತದೆ.

ಆದರೆ ತೂಕದ ಕಾಲಮ್ಮನ್ನು ಓದಿ. 2002ರ ಹೊತ್ತಿಗೆ ಬಂದ ಮೂರನೆಯ ಪೀಳಿಗೆ 2,400 ಕಿಲೋಗ್ರಾಂ ದಾಟಿತ್ತು. 2012ರ ನಾಲ್ಕನೆಯದರಲ್ಲಿ ಇಡೀ ಒಡಲನ್ನು ಅಲ್ಯೂಮಿನಿಯಂನಲ್ಲಿ ಕಟ್ಟಿ 420 ಕಿಲೋಗ್ರಾಂವರೆಗೆ ಇಳಿಸಿದೆವೆಂದು ಕಂಪನಿ ಹೇಳಿತು. ಅದು ಸುಳ್ಳಲ್ಲ, ದೊಡ್ಡ ಸಾಧನೆಯೇ. ಹಾಗೆ ಇಳಿಸಿದ ಮೇಲೂ ಅತ್ಯಂತ ಹಗುರವಾದ ಮಾದರಿ 2,160 ಕಿಲೋಗ್ರಾಂ ಇತ್ತು. ಈಗಿನ ಪೀಳಿಗೆಯ ಬ್ಯಾಟರಿ ಸಹಿತ ಮಾದರಿ 2,700ರ ಆಸುಪಾಸಿನಲ್ಲಿದೆ. ಅಪಘಾತದ ಕಟ್ಟಳೆಗಳು, ಗಾಳಿಚೀಲ, ಹೊಗೆ ಶುದ್ಧೀಕರಣ ಇವೂ ಭಾರ ಕೂಡಿಸಿವೆ, ಅದನ್ನು ಒಪ್ಪಬೇಕು. ಉಳಿದದ್ದರಲ್ಲಿ ಬಹುಪಾಲು ಸೋಫಾ, ಗಾಜು, ಮೋಟಾರು, ದೊಡ್ಡ ಗಾಲಿ, ಮತ್ತು ಇವನ್ನೆಲ್ಲ ಹೊರಲು ಬೇಕಾದ ಎಂಜಿನ್ನು, ಆ ಎಂಜಿನ್ನನ್ನು ಹೊರಲು ಬೇಕಾದ ಒಡಲು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಮೊದಲ ವಾಹನದ ಚಲನಶಕ್ತಿ ಸುಮಾರು 675 ಕಿಲೋಜೂಲ್, ಇಂದಿನದು 1,040. ಪ್ರತಿ ನಿಲುಗಡೆಯಲ್ಲೂ ಈ ವ್ಯತ್ಯಾಸಕ್ಕೆ ಯಾರೋ ಇಂಧನ ತೆರುತ್ತಾರೆ. ಬ್ಯಾಟರಿಯಿದ್ದರೆ ಅದರಲ್ಲಿ ಒಂದು ಪಾಲನ್ನಷ್ಟೇ ಮರಳಿ ಪಡೆಯಬಹುದು. ಗಾಳಿಯ ತಡೆಗೆ ಗುಣಾಂಕ 0.30 ಮಾತ್ರ ಎಂದು ಕರಪತ್ರ ಹೆಮ್ಮೆಪಡುತ್ತದೆ. ಬಲವನ್ನು ಕೊಡುವುದು ಗುಣಾಂಕ ಮತ್ತು ಮುಂಭಾಗದ ಕ್ಷೇತ್ರಫಲಗಳ ಗುಣಲಬ್ಧ. 1.87 ಮೀಟರ್ ಎತ್ತರದ ವಾಹನ ಎರಡನೆಯ ಸಂಖ್ಯೆಯ ಬಗ್ಗೆ ಮಾತಾಡದಿರುವುದು ಸಹಜವೇ.

2004ರಲ್ಲಿ, ನಿವೃತ್ತರಾಗಿದ್ದ ಸ್ಪೆನ್ ಕಿಂಗ್ ಸ್ವತಃ ಪತ್ರಿಕೆಯೊಂದಕ್ಕೆ ಬೇಸರ ತೋಡಿಕೊಂಡರು. ಇದನ್ನು ಅಂತಸ್ತಿನ ಗುರುತಾಗಿ ತಾವು ಮಾಡಿರಲಿಲ್ಲವೆಂದೂ, ಪೇಟೆಯಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು ಬಳಸುವುದು ಮೂರ್ಖತನವೆಂದೂ ಅವರ ಅಭಿಪ್ರಾಯ. 2010ರಲ್ಲಿ ಅವರು ತೀರಿಕೊಂಡರು.

ನಮ್ಮ ನಗರಗಳ ಶಾಲೆಗಳ ಮುಂದೆಯೂ ಈಗ ಇದೇ ಜಾತಿಯ ಎತ್ತರದ ವಾಹನಗಳ ಸಾಲು. ಕೊಂಡವರು ಕೊಡುವ ಕಾರಣ ಸುರಕ್ಷತೆ. ಶಿಕ್ಷಕರು ಇಲ್ಲಿ ಎರಡು ಮಾತು ಸ್ಪಷ್ಟಪಡಿಸಬಹುದು. ಮೊದಲನೆಯದು, ನಾಲ್ಕು ಗಾಲಿ ಚಾಲನೆ ಹೊರಡಲು ಮತ್ತು ಹತ್ತಲು ನೆರವಾಗುತ್ತದೆ, ನಿಲ್ಲಲು ಅಲ್ಲ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕೂ ಗಾಲಿಗೆ ಇದ್ದೇ ಇದೆ. ಘರ್ಷಣಾ ಗುಣಾಂಕ 0.3ರ ರಸ್ತೆಯಲ್ಲಿ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬ್ರೇಕು ಹಾಕಿದ ಮೇಲೆ ಸಣ್ಣ ಕಾರಿಗೂ ಇದಕ್ಕೂ ಸುಮಾರು 47 ಮೀಟರ್ ಬೇಕು. ಒದ್ದೆ ನೆಲದಲ್ಲಿ ಸಲೀಸಾಗಿ ವೇಗ ಹಿಡಿದವನಿಗೆ ನೆಲ ಜಾರುತ್ತಿದೆ ಎಂಬ ಎಚ್ಚರಿಕೆ ಸಿಗುವುದು ಬ್ರೇಕು ಒತ್ತಿದಾಗಲೇ.

ಎರಡನೆಯದು ಸಂವೇಗದ ಲೆಕ್ಕ. 2,700 ಕಿಲೋಗ್ರಾಮಿನ ವಾಹನ ಮತ್ತು 900 ಕಿಲೋಗ್ರಾಮಿನ ಸಣ್ಣ ಕಾರು, ಎರಡೂ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಬಂದು ಡಿಕ್ಕಿಯಾಗಿ ಅಂಟಿಕೊಂಡವು ಎನ್ನಿ. ಸಂವೇಗ ಸಂರಕ್ಷಣೆಯಿಂದ ಎರಡೂ ದೊಡ್ಡ ವಾಹನದ ದಿಕ್ಕಿನಲ್ಲಿ 25 ಕಿಲೋಮೀಟರ್ ವೇಗದಲ್ಲಿ ಸಾಗುತ್ತವೆ. ದೊಡ್ಡದರಲ್ಲಿ ಕೂತವರ ವೇಗ ಬದಲಾದದ್ದು 25, ಸಣ್ಣದರಲ್ಲಿ ಕೂತವರದು 75. ಸಣ್ಣ ಕಾರಿನ ಜಾಗದಲ್ಲಿ ಸವಾರನೂ ಸೇರಿ 200 ಕಿಲೋಗ್ರಾಮಿನ ಬೈಕನ್ನಿಟ್ಟು ಇದೇ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ.